ಫ್ಲಾರಿಯ ಕತ್ತರಿ

ಥಾರ್ನ್‌ಬೆಕ್‌ನಲ್ಲಿ ದಣಿಯದವರು ಯಾರೂ ಇರಲಿಲ್ಲ. ಉಣ್ಣೆ ಗಿರಣಿಯ ಹೆಂಗಸರು ದಣಿಯುತ್ತಿದ್ದರು, ಗಣಿಗೆ ಇಳಿಯುವವರು ದಣಿಯುತ್ತಿದ್ದರು, ಭಾನುವಾರ ಬೆಳಿಗ್ಗೆ ಉದ್ದುದ್ದ ಪ್ರವಚನ ಕೊಟ್ಟು ಪಾದ್ರಿಯೂ ದಣಿಯುತ್ತಿದ್ದರು. ಕೇಳಿದವರು ಅವರಿಗಿಂತ ಹೆಚ್ಚು ದಣಿಯುತ್ತಿದ್ದರು. ಆದರೆ ದಣಿವನ್ನು ಪರ್ಸಿ ಹಿಂಚ್‌ಲಿಫ್‌ನಷ್ಟು ಚೆನ್ನಾಗಿ ಹೇಳಲು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ದಿನವಿಡೀ ಗಾಡಿ ಹೊಡೆದು, ಮನೆಮನೆಗೆ ಕಲ್ಲಿದ್ದಲ ಮೂಟೆ ಹೊತ್ತು ಹಾಕಿ, ಸಂಜೆ ಮನೆಗೆ ಬಂದವನೇ ಅಡುಗೆಮನೆಯ ಕುರ್ಚಿಗೆ ಬಿದ್ದು ಒಂದೇ ಮಾತು ಹೇಳುತ್ತಿದ್ದ: "ನ್ಯಾಕರ್ಡ್." ಅಷ್ಟು ಹೇಳಿದ ಮೇಲೆ ಒಂದು ಲೋಟ ಚಹಾ ಒಳಗೆ ಹೋಗುವ ತನಕ ಅವನಿಂದ ಇನ್ನೊಂದು ಮಾತು ಹೊರಡುತ್ತಿರಲಿಲ್ಲ.

ಅವನ ಹೆಂಡತಿ ಎಲ್ಸಿಗೆ ಆ ಮಾತು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಗಂಡಸರ ಸೊಂಟದ ಕೆಳಗಿನ ಅರ್ಥವೂ ಒಂದಿದೆ. ಎಲ್ಸಿಯೋ ತಪ್ಪದೆ ಪ್ರಾರ್ಥನೆಗೆ ಹೋಗುವವಳು. ಊಟದ ಮೇಜಿನ ಹತ್ತಿರ ಅದನ್ನು ತರಬೇಡ ಎಂದು ಮದುವೆಯಾದ ವಾರದಿಂದಲೂ ಹೇಳುತ್ತಲೇ ಬಂದಿದ್ದಳು. ಪರ್ಸಿ ತಲೆಯಾಡಿಸುತ್ತಿದ್ದ, ಮರುದಿನ ಮತ್ತೆ ತರುತ್ತಿದ್ದ. ಅವನ ಮನಸ್ಸಿನಲ್ಲಿದ್ದದ್ದು ಸೊಂಟದ ಕೆಳಗಿನ ಅರ್ಥವಲ್ಲ. ಊರಿನ ಎಲ್ಲರಿಗೂ ಗೊತ್ತಿದ್ದ ಅರ್ಥವೇ. ನ್ಯಾಕರ್ ಎಂದರೆ ಕೆಲಸಕ್ಕೆ ಬಾರದ ಕುದುರೆಗಳನ್ನು ಕೊಂಡು, ಕೊಂದು, ಚರ್ಮ ಒಂದು ಕಡೆಗೆ ಮೂಳೆ ಒಂದು ಕಡೆಗೆ ಕಳಿಸುವವನು. ನ್ಯಾಕರ್ಡ್ ಎಂದರೆ ಇನ್ನು ಅವನ ಅಂಗಳಕ್ಕೆ ಹೋಗುವುದೊಂದು ಬಾಕಿ ಎನ್ನುವಷ್ಟು ಸೋತು ಹೋದವನು.

ನಮ್ಮೂರಿಗೆ ಆ ಅಂಗಳ ಕಲ್ಪನೆಯ ಮಾತಾಗಿರಲಿಲ್ಲ. ಹಳ್ಳದ ಸೇತುವೆ ದಾಟಿದರೆ ಓಲ್ಡ್‌ರಾಯ್ಡ್‌ರ ಅಂಗಳ. ಗಾಳಿ ಆ ಕಡೆಯಿಂದ ಬೀಸಿದ ದಿನ ಹೆಂಗಸರು ಒಗೆದ ಬಟ್ಟೆಯನ್ನು ಹೊರಗೆ ಹಾಕುತ್ತಿರಲಿಲ್ಲ. ಮುದುಕ ಓಲ್ಡ್‌ರಾಯ್ಡ್‌ನ ಕೈ ನಡುಗಲು ಶುರುವಾದ ಮೇಲೆ ಕೆಲಸ ಅವನ ಮಗಳು ಫ್ಲಾರಿಯ ಪಾಲಿಗೆ ಬಂತು. ದಪ್ಪ ಮೈ, ಗಂಡಸರ ಬೂಟು, ರಬ್ಬರಿನ ಏಪ್ರನ್. ಮದುವೆಯಾಗಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವಳು ಅಂಗಡಿಗೆ ಬಂದರೆ ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದಕ್ಕೆ ಸರಿಯುತ್ತಿದ್ದರು. ಸತ್ತ ಕುದುರೆಯನ್ನು ಎತ್ತಿಸಲು ಎಲ್ಲರಿಗೂ ಅವಳು ಬೇಕಿತ್ತು, ಎತ್ತಿದವಳ ಪಕ್ಕದಲ್ಲಿ ನಿಲ್ಲಲು ಮಾತ್ರ ಯಾರಿಗೂ ಬೇಕಿರಲಿಲ್ಲ. ನಮ್ಮೂರು ಒಳ್ಳೆಯ ಊರು ಎಂದು ಹೇಳಿಕೊಳ್ಳುವವರು ಇದನ್ನೂ ಸೇರಿಸಿ ಹೇಳಲಿ.

ಪರ್ಸಿಯೂ ಇದಕ್ಕೆ ಹೊರತಾಗಿರಲಿಲ್ಲ. ಸೇತುವೆಯ ಮೇಲೆ ಹೋದರೆ ಕೆಳಗಿನ ಕೇರಿ ಹತ್ತಿರವಾಗುತ್ತಿತ್ತು. ಆದರೂ ಅವನು ಗುಡ್ಡದ ಬೀದಿ ಹತ್ತಿ ಬಳಸಿಕೊಂಡು ಹೋಗುತ್ತಿದ್ದ. ಕುದುರೆಗೆ ಆ ವಾಸನೆ ಗೊತ್ತಾಗುತ್ತದೆ ಎಂದು ಕಾರಣ ಕೊಡುತ್ತಿದ್ದ. ಕುದುರೆಗೇನೋ ಗೊತ್ತಾಗುತ್ತಿತ್ತೋ ಇಲ್ಲವೋ, ಪರ್ಸಿಗೆ ಮಾತ್ರ ಆ ಗೇಟು ಕಣ್ಣಿಗೆ ಬೀಳುವುದೇ ಬೇಕಿರಲಿಲ್ಲ.

ಯಾಕೆಂದರೆ ಆ ಕುದುರೆ ಡ್ಯೂಕ್. ಕಂದು ಮೈ, ನಾಲ್ಕೂ ಕಾಲಿಗೆ ಬಿಳಿ ಸಾಕ್ಸು ಹಾಕಿದ ಹಾಗಿನ ಕೂದಲು, ಹಣೆಯ ಮೇಲೆ ಒಂದು ಸೊಟ್ಟ ಬಿಳಿ ಗೆರೆ. ಪರ್ಸಿ ಚಿಕ್ಕ ವಯಸ್ಸಿನಲ್ಲೇ ಗಾರ್ಸೈಡ್ ಧಣಿಯ ಕಲ್ಲಿದ್ದಲ ಅಂಗಡಿಗೆ ಸೇರಿದವನು. ಅವನ ಕೈಯಲ್ಲಿ ಹಲವು ಕುದುರೆಗಳು ಬಂದು ಹೋಗಿದ್ದವು. ಯುದ್ಧ ಶುರುವಾಗುವುದಕ್ಕೆ ಮುಂಚೆ ಬಂದ ಡ್ಯೂಕ್ ಮಾತ್ರ ಬಂದು ಹೋಗುವ ಪೈಕಿ ಆಗಲಿಲ್ಲ. ಪರ್ಸಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ ಸೈನ್ಯದವರು ಅವನನ್ನು ವಾಪಸು ಕಳಿಸಿದರು. ಯುದ್ಧದುದ್ದಕ್ಕೂ ಅವರಿಬ್ಬರೇ ಊರಿನ ಒಲೆಗಳನ್ನು ಉರಿಸಿದರು. ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಡ್ಯೂಕ್‌ನನ್ನು ಮಗ ಎಂದು ಪರ್ಸಿ ಯಾವತ್ತೂ ಕರೆದವನಲ್ಲ, ಹಾಗೆ ಕರೆಯುವವರನ್ನು ಕಂಡರೆ ನಗುವವನು. ಆದರೆ ಮೇ ತಿಂಗಳ ಕುದುರೆ ಮೆರವಣಿಗೆಯ ಹಿಂದಿನ ದಿನ ಅವನು ಲಾಯದಲ್ಲಿ ಸ್ಟೂಲು ಹಾಕಿಕೊಂಡು, ಡ್ಯೂಕ್‌ನ ಕುತ್ತಿಗೆಯ ಅಯಾಲನ್ನು ಎಳೆ ಎಳೆಯಾಗಿ ಬಾಚಿ, ಕೆಂಪು ರಿಬ್ಬನ್ ಸೇರಿಸಿ ಜಡೆ ಹೆಣೆಯುವುದನ್ನು ನೋಡಬೇಕಿತ್ತು. ತನ್ನ ಕೂದಲಿಗೆ ಈ ಮನುಷ್ಯ ಯಾವತ್ತಾದರೂ ಕೈ ಹಾಕಿದ್ದಾನಾ ಎಂದು ಎಲ್ಸಿ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ನಲವತ್ತೇಳರ ಚಳಿಗಾಲ ನೆನಪಿದ್ದವರಿಗೆ ಡ್ಯೂಕ್‌ನ ಬಗ್ಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಹಿಮ ಕಿಟಕಿಯ ಮಟ್ಟಕ್ಕೆ ಬಿದ್ದು ಲಾರಿಗಳೆಲ್ಲ ಗುಡ್ಡದ ಬುಡದಲ್ಲೇ ಹೂತು ನಿಂತಾಗ, ಗೊರಸಿಗೆ ಗೋಣಿತಟ್ಟು ಸುತ್ತಿಕೊಂಡು ಮೇಲಿನ ಕೇರಿಗೆ ಕಲ್ಲಿದ್ದಲು ಮುಟ್ಟಿಸಿದ್ದು ಅದು. ಆಗ ಹೆಂಗಸರು ಹೊರಗೆ ಬಂದು ಅದರ ಮೂತಿಗೆ ಮುತ್ತು ಕೊಟ್ಟಿದ್ದರು. ಆ ಚಳಿಯಲ್ಲೇ ಅದರ ಎದೆಗೆ ಏನೋ ಆಗಿರಬೇಕು. ಆಮೇಲಿನ ವರ್ಷಗಳಲ್ಲಿ ಏರು ಹತ್ತುವಾಗ ಅದರ ಉಸಿರು ಒಡಕು ತಿದಿಯ ಹಾಗೆ ಕೇಳಿಸತೊಡಗಿತು. ಹಿಂದಿನ ಕಾಲಿನ ಕೀಲು ಬಾತುಕೊಂಡು ಇಳಿಯದೇ ಹೋಯಿತು. ಇಳಿಜಾರಿನಲ್ಲಿ ಪರ್ಸಿ ಗಾಡಿಯ ಹಿಂದೆ ಹೋಗಿ ತಾನೇ ಜಗ್ಗಿ ಹಿಡಿಯುತ್ತಿದ್ದ.

ಕೊನೆಗೆ ಗಾರ್ಸೈಡ್ ಧಣಿ ಹಸಿರು ಬಣ್ಣದ ಲಾರಿ ಕೊಂಡರು. ಪರ್ಸಿಯನ್ನು ಕರೆದು, ಅವನಿಗೆ ಲಾರಿಯಲ್ಲಿ ಕೆಲಸ ಇದ್ದೇ ಇದೆ ಎಂದರು. ಡ್ಯೂಕ್‌ನನ್ನು ಶುಕ್ರವಾರ ಓಲ್ಡ್‌ರಾಯ್ಡ್‌ರ ಅಂಗಳಕ್ಕೆ ಬಿಟ್ಟು ಬಾ ಎಂದೂ ಅದೇ ಉಸಿರಿನಲ್ಲಿ ಹೇಳಿದರು. ಧಣಿ ಕೆಟ್ಟವರಲ್ಲ, ಅಂಗಡಿಯ ಕುದುರೆಗಳೆಲ್ಲ ಹೋದದ್ದು ಅಲ್ಲಿಗೇ. ಯಾವುದಾದರೂ ಹುಲ್ಲುಗಾವಲಿನಲ್ಲಿ ಬಿಡಬಹುದಲ್ಲ ಎಂದು ಪರ್ಸಿ ಕೇಳಿದ. ಯಾರ ಹುಲ್ಲುಗಾವಲು ಎಂದು ಧಣಿ ಕೇಳಿದರು. ಪರ್ಸಿಯ ಹಿತ್ತಲಲ್ಲಿದ್ದದ್ದು ನಾಲ್ಕು ರೂಬಾರ್ಬ್ ಗಿಡ ಮತ್ತು ಕಕ್ಕಸು.

"ಕಕ್ಕಸಲ್ಲಿ ಕಟ್ಟೋಣ್ವಾ?" ಎಂದಳು ಎಲ್ಸಿ. ಅವಳು ನಗಿಸಲೆಂದೇ ಹೇಳಿದ್ದು. ಪರ್ಸಿ ಆ ಸಂಜೆ ನ್ಯಾಕರ್ಡ್ ಎನ್ನಲಿಲ್ಲ. ಎಲ್ಸಿಗೆ ಅದು ಗೊತ್ತಾಗಿ, ಮೇಜಿನ ಈಚೆಯಿಂದ ಅವನ ಮಸಿ ಹಿಡಿದ ಕೈ ಹಿಡಿದುಕೊಂಡು ಕೂತಳು.

ಶುಕ್ರವಾರ ಫ್ಲಾರಿಯ ಗಾಡಿ ಬಂದು ಕರೆದೊಯ್ಯಬಹುದಿತ್ತು. ಪರ್ಸಿ ಬೇಡವೆಂದ. ಡ್ಯೂಕ್ ಜೀವಮಾನವಿಡೀ ತನ್ನ ಕಾಲ ಮೇಲೆ ನಡೆದದ್ದು, ಇವತ್ತೂ ನಡೆದೇ ಹೋಗಲಿ ಎಂದು ಮೈ ಉಜ್ಜಿ, ಅಯಾಲು ಬಾಚಿ, ಹಗ್ಗ ಹಿಡಿದು ಹೊರಟ. ಸೇತುವೆಯ ಹತ್ತಿರ ಒಂದು ದೊಡ್ಡ ಮುಚ್ಚಿದ ಲಾರಿ ನಿಂತಿತ್ತು. ಅದಕ್ಕೆ ಒರಗಿಕೊಂಡು ಒಳ್ಳೆಯ ಉಣ್ಣೆಯ ಕೋಟು ಹಾಕಿದ ಮನುಷ್ಯನೊಬ್ಬ ನಿಂತಿದ್ದ. ಅವನ ಹೆಸರು ಸ್ಟಬ್ಸ್, ಕುದುರೆ ದಲ್ಲಾಳಿ. ಎಲ್ಲಿ ಲಾರಿ ಬಂದು ಕುದುರೆ ಹೊರಬಿದ್ದರೂ ಆ ಕಾಲದಲ್ಲಿ ಅವನು ಹಾಜರಾಗುತ್ತಿದ್ದ.

ಸ್ಟಬ್ಸ್ ಡ್ಯೂಕ್‌ನ ಮೂತಿ ಸವರಿದ. ಇಂಥ ಕುದುರೆಯನ್ನು ಆ ಹೆಂಗಸಿನ ಕೈಗೆ ಕೊಡುತ್ತೀಯಾ ಎಂದು ನೊಂದವನ ಹಾಗೆ ಕೇಳಿದ. ಆಮೇಲೆ, ಪೂರ್ವದ ಕಡೆ ತನಗೆ ಗೊತ್ತಿರುವ ಒಬ್ಬ ಹಣವಂತ ವಿಧವೆ ಇದ್ದಾಳೆ, ಅವಳಿಗೆ ನದಿಯ ಪಕ್ಕದಲ್ಲಿ ದೊಡ್ಡ ಹುಲ್ಲುಗಾವಲಿದೆ, ಅದರಲ್ಲಿ ಮುದಿ ಕುದುರೆಗಳು ಮೇಯುವುದನ್ನು ನೋಡುತ್ತ ಕೂರುವುದೇ ಅವಳ ಸುಖ ಎಂದ. ಧಣಿ ಒಪ್ಪಿದರೆ ಓಲ್ಡ್‌ರಾಯ್ಡ್‌ಗಿಂತ ಹೆಚ್ಚಿಗೇ ಕೊಡುತ್ತೇನೆ ಎಂದ. ಪರ್ಸಿಗೆ ಬೇಕಾಗಿದ್ದದ್ದೂ ಅದೇ ಹುಲ್ಲುಗಾವಲು. ಬೇಕಾದದ್ದನ್ನು ಯಾರಾದರೂ ಎದುರಿಗೆ ತಂದಿಟ್ಟರೆ ಅದರ ಹಲ್ಲು ಎಣಿಸಲು ಯಾರಿಗೆ ಮನಸ್ಸಾಗುತ್ತದೆ? ಅವನ ಕಣ್ಣಲ್ಲಿ ನೀರೇ ಬಂತು.

ಡ್ಯೂಕ್ ಕೆಮ್ಮುತ್ತಿತ್ತು. ಅದನ್ನು ಮತ್ತೆ ಗುಡ್ಡ ಹತ್ತಿಸಿ ಧಣಿಯ ಹತ್ತಿರ ಕರೆದೊಯ್ಯುವ ಹಾಗಿರಲಿಲ್ಲ. ಸ್ಟಬ್ಸ್ ಕೈಗೆ ಕೊಡೋಣವೆಂದರೆ ಧಣಿಯ ಮಾತಾಗಬೇಕು. ಪರ್ಸಿ ಡ್ಯೂಕ್‌ನನ್ನು ನಡೆಸಿಕೊಂಡು ಸೇತುವೆ ದಾಟಿದ. ಫ್ಲಾರಿ ಗೇಟಿನಲ್ಲೇ ನಿಂತಿದ್ದಳು. "ಸ್ವಲ್ಪ ಹೊತ್ತು ಹಿಡ್ಕೊಂಡಿರು, ಧಣಿ ಹತ್ರ ಹೋಗಿ ಬರ್ತೀನಿ. ಮುಟ್ಬೇಡ, ಏನೂ ಮಾಡ್ಬೇಡ," ಎಂದು ಹೇಳಿ ಹಗ್ಗವನ್ನು ಅವಳ ಕೈಗೆ ಕೊಟ್ಟ.

ಕುದುರೆಯವರಲ್ಲಿ ಹಗ್ಗ ಕೈ ಬದಲಾಯಿತೆಂದರೆ ಕುದುರೆಯೂ ಕೈ ಬದಲಾಯಿತು ಎಂದೇ ಲೆಕ್ಕ. ಸಂತೆಯಲ್ಲಿ ಮಾತು ಎಷ್ಟೇ ಆಗಿರಲಿ, ಹಗ್ಗ ಕೊಡುವ ತನಕ ಮಾರಾಟವಿಲ್ಲ; ಕೊಟ್ಟ ಮೇಲೆ ವಾಪಸು ಇಲ್ಲ. ಇದು ಪರ್ಸಿಗೆ ಗೊತ್ತಿಲ್ಲದ ಸಂಗತಿಯಲ್ಲ. ಸಂತೋಷದ ಭರದಲ್ಲಿ, ಹಗ್ಗ ಕಟ್ಟಲು ಗೇಟಿನ ಪಕ್ಕದಲ್ಲೇ ಇದ್ದ ಗೂಟ ಅವನ ಕಣ್ಣಿಗೆ ಬೀಳಲಿಲ್ಲ, ಫ್ಲಾರಿಯ ಕೈ ಕಂಡಿತು, ಕೊಟ್ಟ. ಫ್ಲಾರಿ ಅವನ ಹೆಗಲ ಮೇಲಿಂದ ಸೇತುವೆಯಾಚೆ ನಿಂತಿದ್ದ ಲಾರಿಯನ್ನು ನೋಡಿದಳು.

ಗಾರ್ಸೈಡ್ ಧಣಿ ತಕರಾರು ಮಾಡಲಿಲ್ಲ. ಫ್ಲಾರಿ ಬಿಟ್ಟುಕೊಟ್ಟರೆ ನನ್ನ ಅಡ್ಡಿಯಿಲ್ಲ ಎಂದರು. ಪರ್ಸಿ ಉಸಿರು ಬಿಡುತ್ತ ಇಳಿದು ಬಂದ, ಸ್ಟಬ್ಸ್‌ನನ್ನು ಜೊತೆಗೆ ಕರೆದುಕೊಂಡು ಅಂಗಳಕ್ಕೆ ಹೋದ. ಡ್ಯೂಕ್ ಗೋಡೆಯ ಪಕ್ಕ ಬಿಸಿಲಿನಲ್ಲಿ ನಿಂತಿತ್ತು. ಅದರ ಕುತ್ತಿಗೆ ಬೋಳಾಗಿತ್ತು. ಕಿವಿಯಿಂದ ಹೆಗಲ ತನಕ ಅಯಾಲು ಒಂದಿಷ್ಟೂ ಇರಲಿಲ್ಲ. ಕಲ್ಲುಹಾಸಿನ ಮೇಲೆ ಕೂದಲು ಬಿದ್ದಿತ್ತು. ಫ್ಲಾರಿಯ ಕೈಯಲ್ಲಿ ದೊಡ್ಡ ಕತ್ತರಿ ಇತ್ತು.

ನ್ಯಾಕರ್‌ಗಳು ಹೀಗೆ ಮಾಡುತ್ತಾರೆಂದು ಪರ್ಸಿ ಕೇಳಿದ್ದ, ಕಣ್ಣಾರೆ ನೋಡಿರಲಿಲ್ಲ. ಜೈಲಿಗೆ ಹಾಕಿದವನ ತಲೆ ಬೋಳಿಸಿದ ಹಾಗೆ, ಕೊಲ್ಲುವ ಮೊದಲು ಕುದುರೆಗೆ ಮಾಡುವ ಅವಮಾನ ಎಂದೇ ಅವನು ತಿಳಿದಿದ್ದ. ಸ್ಟಬ್ಸ್ ಒಮ್ಮೆ ಆ ಕುತ್ತಿಗೆ ನೋಡಿದ, ಒಮ್ಮೆ ಫ್ಲಾರಿಯನ್ನು ನೋಡಿದ, ನೆಲಕ್ಕೆ ಉಗುಳಿದ. "ಬೋಳಿಸಿಬಿಟ್ಲಲ್ಲ. ಇನ್ನು ಇದು ನನಗೆ ಬೇಡ," ಎಂದವನೇ ಕೋಟಿನ ಗುಂಡಿ ಹಾಕಿಕೊಂಡು ಸೇತುವೆಯ ಕಡೆ ನಡೆದ. ಲಾರಿ ಹೊರಟ ಸದ್ದು ಕೇಳಿಸಿತು.

ಪರ್ಸಿ ಆಗ ಆಡಿದ ಮಾತುಗಳನ್ನು ಎಲ್ಸಿ ಕೇಳಿದ್ದರೆ ಒಂದು ತಿಂಗಳು ಅವನಿಗೆ ಚಹಾ ಸಿಗುತ್ತಿರಲಿಲ್ಲ. ಕೈಗೆ ಸಿಕ್ಕ ಹುಲ್ಲುಗಾವಲನ್ನು ತಪ್ಪಿಸಿದೆ ಎಂದ. ಬದುಕಿರುವ ಯಾವುದನ್ನೂ ನಿನ್ನ ಕಣ್ಣು ಸಹಿಸುವುದಿಲ್ಲ, ಅದಕ್ಕೇ ಊರಿನವರು ನಿನ್ನಿಂದ ದೂರ ನಿಲ್ಲುವುದು ಎಂದ. ನಿಮ್ಮಪ್ಪ ನ್ಯಾಕರ್, ನೀನು ನ್ಯಾಕರ್, ಆ ಹೆಸರು ಜನರ ಬಾಯಲ್ಲಿ ಬೈಗುಳವಾದದ್ದು ಸುಮ್ಮನೆ ಅಲ್ಲ ಎಂದ. ಫ್ಲಾರಿ ಅವನು ಮುಗಿಸುವ ತನಕ ಕಾದಳು. ಅವಳಿಗೆ ಇಂಥವು ಹೊಸದಲ್ಲ.

"ಹಗ್ಗ ನೀನೇ ಕೊಟ್ಟೆ," ಎಂದಳು. "ಒಂದು ಮಾತು ಹೇಳು ಪರ್ಸಿ. ಹುಲ್ಲು ಮೇಯೋಕೆ ಹೋಗೋ ಕುದುರೆಗೆ ಕುತ್ತಿಗೆ ಮೇಲೆ ಕೂದಲು ಯಾಕೆ ಬೇಕು?"

ಪರ್ಸಿ ಲಾರಿ ಹೋದ ಕಡೆ ತಿರುಗಿ ನೋಡಿದ.

"ಆ ಲಾರಿ ಸ್ಟೇಷನ್ ಹತ್ರದ ಹೋಟೆಲಿನ ಮುಂದೆ ನಿಂತಿರುತ್ತೆ. ಬಿಯರ್ ಕುಡೀದೆ ಅವನು ಊರು ಬಿಡೋದಿಲ್ಲ. ಹೋಗಿ ಲಾರಿ ಒಳಗೆ ಒಂದು ಸಲ ಇಣುಕಿ ಬಾ. ಡ್ಯೂಕ್ ಎಲ್ಲಿಗೂ ಹೋಗಲ್ಲ. ನೀನು ಬರೋವರೆಗೂ ನಾನು ಏನೂ ಮಾಡೋದೂ ಇಲ್ಲ."

ಲಾರಿ ಅಲ್ಲೇ ನಿಂತಿತ್ತು. ಪರ್ಸಿ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಹಲಗೆಯ ಸಂದಿಯಲ್ಲಿ ನೋಡಿದ. ಒಳಗೆ ಕುದುರೆಗಳನ್ನು ಒಂದಕ್ಕೊಂದು ಅಂಟಿದ ಹಾಗೆ ತುಂಬಿದ್ದರು. ಕಾಲು ಬಾತವು, ಕಣ್ಣು ಕೀವು ಕಟ್ಟಿದವು, ಮೈಮೇಲೆ ಹಸಿ ಗಾಯ ಇದ್ದವು. ಗಣಿಯಲ್ಲಿ ದುಡಿದ ಸಣ್ಣ ಕುದುರೆಯೊಂದು ಕುಸಿದು ಉಳಿದವುಗಳ ಗೊರಸಿನ ಕೆಳಗೆ ಬಿದ್ದಿತ್ತು, ಸತ್ತಿರಲಿಲ್ಲ. ಹತ್ತಿರದಲ್ಲೇ ಬಾಯಿ ತೆರೆದು ನಿಂತಿದ್ದದ್ದು ಬ್ರೆಡ್ ಗಾಡಿಯ ಕುದುರೆ ಪೆಗ್ಗಿ. ಹೋದ ವಾರ ತಾನೇ ಅದರ ಗಾಡಿಯವನು ಪರ್ಸಿಯ ಹತ್ತಿರ, ಪೆಗ್ಗಿಗೆ ಅದೃಷ್ಟ ಖುಲಾಯಿಸಿತು, ಯಾರೋ ವಿಧವೆಯ ಹುಲ್ಲುಗಾವಲಿಗೆ ಹೋಗುತ್ತಾಳೆ ಎಂದು ಹೇಳಿ ಸಂತೋಷಪಟ್ಟಿದ್ದ.

ಎಲ್ಲಿಗೆ ಎಂದು ಪರ್ಸಿ ಲಾರಿಯ ಪಕ್ಕ ನಿಂತಿದ್ದ ಡ್ರೈವರನನ್ನು ಕೇಳಿದ. ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಸಮುದ್ರದಾಚೆಗೆ, ಮಾಂಸಕ್ಕೆ ಎಂದು ಡ್ರೈವರ್ ಸಿಗರೇಟು ಎಳೆಯುತ್ತ ಹೇಳಿದ. ಹಡಗು ಹತ್ತುವ ತನಕ ನಿಲ್ಲಬಲ್ಲ ಕುದುರೆ ಆದರೆ ಸಾಕು. ನ್ಯಾಕರ್ ಕತ್ತರಿ ಹಾಕಿದ್ದು ಮಾತ್ರ ಆಗುವುದಿಲ್ಲ, ಅದನ್ನು ಜೀವಂತ ಅಂಗಳದಿಂದ ಹೊರಗೆ ತರುವುದು ಕಾನೂನಿಗೆ ವಿರುದ್ಧ, ಬಂದರಿನಲ್ಲಿ ಹಿಡಿಯುತ್ತಾರೆ ಎಂದ. ಪರ್ಸಿ ಪೊಲೀಸನನ್ನು ಕರೆತಂದ. ಪೊಲೀಸ್ ಕಾಗದ ನೋಡಿದ, ಎಲ್ಲ ಸರಿಯಿದೆ ಎಂದ. ಪರ್ಸಿಗೆ ಮಾಡಲು ಉಳಿದದ್ದು ಹೋಟೆಲಿನ ಹಿತ್ತಲಿಂದ ಬಕೆಟಿನಲ್ಲಿ ನೀರು ತಂದು, ಸಂದಿಯಿಂದ ಮೂತಿ ತೂರಿಸಲು ಆದವಕ್ಕೆ ಕುಡಿಸುವುದೊಂದೇ. ಪೆಗ್ಗಿ ಕುಡಿಯಿತು. ಕೆಳಗೆ ಬಿದ್ದದ್ದಕ್ಕೆ ಮುಟ್ಟಿಸಲು ಆಗಲಿಲ್ಲ.

ಅವನು ವಾಪಸು ಬಂದಾಗ ಅಂಗಳದಲ್ಲಿ ಡ್ಯೂಕ್ ಇರಲಿಲ್ಲ. ಫ್ಲಾರಿ ಹಿತ್ತಲ ಕಡೆ ಕೈ ತೋರಿಸಿದಳು. ಅಂಗಳದ ಹಿಂದೆ, ಹಳ್ಳದ ತಿರುವಿನಲ್ಲಿ, ಬೀದಿಯಿಂದ ಯಾರಿಗೂ ಕಾಣದ ಒಂದು ಸಣ್ಣ ಹುಲ್ಲಿನ ತುಂಡು ಇತ್ತು. ಡ್ಯೂಕ್ ಬೋಳು ಕುತ್ತಿಗೆ ಬಗ್ಗಿಸಿಕೊಂಡು ಹುಲ್ಲು ಕೀಳುತ್ತಿತ್ತು, ಬಾಲ ಬೀಸುತ್ತಿತ್ತು. ಪರ್ಸಿ ಬೇಲಿ ಹಿಡಿದು ನಿಂತು ಅತ್ತುಬಿಟ್ಟ.

ಕತ್ತರಿಯ ಸಂಗತಿಯನ್ನು ಫ್ಲಾರಿ ಆಗ ಹೇಳಿದಳು. ಅದು ಅವಮಾನವಲ್ಲ. ಹಿಂದೊಮ್ಮೆ ಕೆಟ್ಟ ನ್ಯಾಕರ್‌ಗಳು ಸಾಯಲು ಬಂದ ಕುದುರೆಯನ್ನೇ ಮತ್ತೆ ಗಾಡಿಯವರಿಗೆ ಮಾರುತ್ತಿದ್ದರಂತೆ. ಅದು ನಡುಬೀದಿಯಲ್ಲಿ ಬೀಳುವ ತನಕ ದುಡಿಸುತ್ತಿದ್ದರಂತೆ. ಅದಕ್ಕೇ ಈ ಕಾನೂನು ಬಂತು: ಕುದುರೆ ಅಂಗಳಕ್ಕೆ ಬಂದ ಕೂಡಲೇ ಅಯಾಲು ಕತ್ತರಿಸಬೇಕು. ಕತ್ತರಿ ಬಿತ್ತೆಂದರೆ ಆಮೇಲೆ ಯಾರೂ ಅದರ ಮೇಲೆ ಭಾರ ಹೇರುವಂತಿಲ್ಲ, ಯಾರೂ ಅದನ್ನು ಕೊಳ್ಳುವಂತಿಲ್ಲ. ಮೇವು ನೀರು ಕೊಟ್ಟು ನೋಡಿಕೊಂಡು, ಬೇಗ, ನೋವಿಲ್ಲದೆ ಮುಗಿಸಬೇಕು. ಸ್ಟಬ್ಸ್‌ನ ಲಾರಿ ಕಂಡ ಕೂಡಲೇ ಅವಳು ಏಪ್ರನ್ನಿನಿಂದ ಕತ್ತರಿ ತೆಗೆದಿದ್ದಳು. ಪರ್ಸಿ ಬರುವುದರೊಳಗೆ ಮುಗಿಸಲೇಬೇಕಿತ್ತು.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದ ಪರ್ಸಿ.

"ನಾನು ಹೇಳಿದ್ರೆ ನಂಬ್ತಿದ್ಯಾ?"

ಪರ್ಸಿ ತಲೆ ತಗ್ಗಿಸಿದ. ತಾನು ಆಡಿದ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ. ಫ್ಲಾರಿ, ಹೋಗಲಿ ಬಿಡು ಎಂದಳು. ಸೋಮವಾರ ಬೆಳಿಗ್ಗೆ ತನಕ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಅಷ್ಟು ದಿನ ನೀನು ಯಾವಾಗ ಬೇಕಾದರೂ ಬಾ ಎಂದಳು.

ಅವನು ಯಾವಾಗ ಬೇಕಾದರೂ ಬರುವುದೇನು, ಮನೆಗೆ ಹೋದದ್ದೇ ಕಡಿಮೆ. ಭಾನುವಾರ ಪ್ರಾರ್ಥನೆ ಮುಗಿಸಿ ಎಲ್ಸಿಯೂ ಬಂದಳು. ಒಳ್ಳೆಯ ಟೋಪಿ ಹಾಕಿಕೊಂಡು, ಬುಟ್ಟಿಯಲ್ಲಿ ಶುಂಠಿಯ ಕೇಕು ಇಟ್ಟುಕೊಂಡು, ಸೇತುವೆ ದಾಟಿದ್ದು ಅದೇ ಮೊದಲು. ದಾರಿಯಲ್ಲಿ ಮೂಗಿಗೆ ಕರ್ಚೀಫು ಹಿಡಿದಿದ್ದವಳು ಗೇಟಿನ ಹತ್ತಿರ ಅದನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. ಫ್ಲಾರಿ ಒಳಗಿಂದ ಮೂರು ಕುರ್ಚಿ ತಂದು ಹುಲ್ಲಿನ ಅಂಚಿಗೆ ಹಾಕಿದಳು. ಮೂರನೆಯದರ ಧೂಳು ಒರೆಸಬೇಕಾಯಿತು. ಚಹಾ ಬಂತು. ಬಿಸಿಲು ಚೆನ್ನಾಗಿತ್ತು. ಡ್ಯೂಕ್ ಬಂದು ಎಲ್ಸಿಯ ಟೋಪಿಯ ಹೂವನ್ನು ಮೂಸಿತು.

ಪರ್ಸಿ ಆರಾಮವಾಗಿ ಕಾಲು ಚಾಚಿದವನು ಅಭ್ಯಾಸಬಲದಿಂದ ನ್ಯಾಕರ್ಡ್ ಎಂದುಬಿಟ್ಟ. ಆಡಿದ ಮೇಲೆ ಎಲ್ಲಿ ಕೂತು ಏನು ಹೇಳಿದೆ ಎಂದು ಹೊಳೆದು ಅವನ ಕಿವಿ ಕೆಂಪಗಾಯಿತು. ಎಲ್ಸಿ ಅವನ ಕಾಲಿಗೆ ಒದ್ದಳು. ಫ್ಲಾರಿ ಮಾತ್ರ ನಕ್ಕಳು. ಅವಳು ನಗುವುದನ್ನು ಇಬ್ಬರೂ ನೋಡಿರಲಿಲ್ಲ.

"ಹೇಳು ಪರವಾಗಿಲ್ಲ. ನಮ್ಮ ಮುತ್ತಜ್ಜ ಕೊಂದವನೇ ಅಲ್ಲ, ಗೊತ್ತಾ? ಆಗ ನ್ಯಾಕರ್ ಅಂದ್ರೆ ಕುದುರೆಗೆ ಪಟ್ಟಿ, ಜೀನು ಹೊಲಿಯೋನು. ಪಟ್ಟಿ ತಗೊಂಡವರು, ಕುದುರೆ ಮುದಿಯಾದ್ರೆ ಅವನ ಹತ್ರಾನೇ ತಂದು ಬಿಡೋರು. ನೀನೇ ಹೊಲಿದಿದ್ದು, ನೀನೇ ಬಿಚ್ಚು ಅನ್ನೋರಂತೆ. ಆಮೇಲಾಮೇಲೆ ಹೊಲಿಯೋ ಕೆಲಸ ಕಾರ್ಖಾನೆಗೆ ಹೋಯ್ತು. ಬಿಚ್ಚೋ ಕೆಲಸ ಒಂದೇ ನಮಗೆ ಉಳೀತು."

"ಯಾರಾದ್ರೂ ಮಾಡ್ಲೇಬೇಕಲ್ಲ," ಎಂದಳು ಎಲ್ಸಿ.

"ಹೌದು. ಚೆನ್ನಾಗಿ ಮಾಡ್ಬೇಕು ಅಷ್ಟೆ."

ಎಲ್ಸಿ ಬುಟ್ಟಿಯಿಂದ ಕೇಕಿನ ದೊಡ್ಡ ತುಂಡು ತೆಗೆದು ಫ್ಲಾರಿಯ ತಟ್ಟೆಗೆ ಹಾಕಿದಳು. ಸಣ್ಣದನ್ನು ಗಂಡನಿಗೆ ಕೊಟ್ಟಳು. ಹೊತ್ತು ಇಳಿಯುವ ತನಕ ಮೂವರೂ ಅಲ್ಲೇ ಕೂತಿದ್ದರು. ಬದುಕಿನಲ್ಲಿ ಅಷ್ಟು ನೆಮ್ಮದಿಯ ಭಾನುವಾರ ತನಗೆ ಸಿಕ್ಕಿರಲಿಲ್ಲ ಎಂದು ಪರ್ಸಿ ಎಷ್ಟೋ ವರ್ಷಗಳ ನಂತರವೂ ಹೇಳುತ್ತಿದ್ದ. ಮರುದಿನ ಏನಿದೆ ಎಂದು ಗೊತ್ತಿದ್ದೂ ಅದು ನೆಮ್ಮದಿಯಾಗಿಯೇ ಇತ್ತು.

ಸೋಮವಾರ ಬೆಳಕು ಪೂರ್ತಿ ಹರಿದ ಮೇಲೆ ಫ್ಲಾರಿ ಡ್ಯೂಕ್‌ನನ್ನು ಅಂಗಳಕ್ಕೆ ಕರೆತಂದಳು. ಅವಳ ಬಲಗೈಯ ಪಿಸ್ತೂಲು ಏಪ್ರನ್ನಿನ ಮರೆಯಲ್ಲಿತ್ತು. ನಿನ್ನಿಂದ ಆಗದಿದ್ದರೆ ಹೊರಗೆ ಇರು, ತಪ್ಪೇನಿಲ್ಲ ಎಂದಳು. ಪರ್ಸಿ ಹಗ್ಗ ತೆಗೆದುಕೊಂಡ. ಏನಾದರೂ ಮಾತಾಡುತ್ತಿರು, ದಿನಾ ಆಡುವ ಮಾತೇ ಆಗಲಿ, ಅದಕ್ಕೆ ನಿನ್ನ ದನಿ ಕೇಳುತ್ತಿರಲಿ ಎಂದಳು. ಪರ್ಸಿಗೆ ಬೇರೇನೂ ತೋಚಲಿಲ್ಲ. ದಿನಾ ಹೋಗುವ ಮನೆಗಳನ್ನು ಒಂದೊಂದಾಗಿ ಹೇಳತೊಡಗಿದ.

"ನಡೀ ಮಗಾ. ಚರ್ಚ್ ಬೀದಿ ಮೂಲೆ ಮನೆ, ಎರಡು ಮೂಟೆ. ಪಕ್ಕದ್ದು ಒಂದು, ಅವ್ರು ಹಿತ್ತಲ ಬಾಗ್ಲು ತೆಗೀತಾರೆ. ಆಮೇಲೆ ಮಿಸೆಸ್ ಥೂಯಿಸ್. ನಿಲ್ಲು, ನಿಲ್ಲು. ರೊಟ್ಟಿ ಚೂರು ತರ್ತಾ ಇದಾಳೆ, ಬಂದ್ಲು..."

ಡ್ಯೂಕ್ ಕಿವಿ ಮುಂದಕ್ಕೆ ಮಾಡಿ, ರೊಟ್ಟಿಗಾಗಿ ತುಟಿ ಚಾಚಿತು. ಫ್ಲಾರಿಯ ಕೈ ಮೇಲೆದ್ದಿತು. ಸದ್ದು ಸಣ್ಣದು. ತುಟಿ ಚಾಚಿಕೊಂಡೇ ಅದು ಕೆಳಗೆ ಬಿತ್ತು. ಭಯಪಡಲು ಅದಕ್ಕೆ ಹೊತ್ತೇ ಸಿಗಲಿಲ್ಲ.

ಪರ್ಸಿ ಮೊಣಕಾಲೂರಿ ಅದರ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತ. ಫ್ಲಾರಿ ಆ ಕಡೆ ತಿರುಗಿ ನಿಂತಿದ್ದಳು. ಕೊನೆಗೆ ಅವನು ಎದ್ದು ಅವಳ ಎದುರಿಗೆ ಬಂದ.

"ಫ್ಲಾರಿ, ನಿನ್ನಿಂದ ಇವನಿಗೆ ಒಳ್ಳೇ ಸಾವು ಬಂತು. ನಾನೇ ಕೈಯಾರೆ ಆ ಲಾರಿಗೆ ಹತ್ತಿಸ್ತಿದ್ದೆ. ನಿನಗೆ ಹೇಗೆ ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಫ್ಲಾರಿ ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತಳು. "ನಮ್ಮಪ್ಪ ಜೀವಮಾನ ಪೂರ್ತಿ ಮಾಡ್ದ. ಒಬ್ರೂ ಅವನಿಗೆ ಈ ಮಾತು ಹೇಳಿರ್ಲಿಲ್ಲ ಪರ್ಸಿ," ಎಂದವಳು ಮುಖಕ್ಕೆ ಏಪ್ರನ್ ಮುಚ್ಚಿಕೊಂಡು ಅಳತೊಡಗಿದಳು. ಅಷ್ಟು ಗಟ್ಟಿ ಹೆಂಗಸು ಹಾಗೆ ಅಳುವುದನ್ನು ನೋಡಿ ಪರ್ಸಿಗೆ ಏನು ಮಾಡಬೇಕೋ ತೋಚಲಿಲ್ಲ. ಒಳಗೆ ಹೋಗಿ ಕೂತು ಚಹಾ ಕುಡಿ ಎಂದು ಅವಳಿಗೆ ಹೇಳಿದ. ಅದು ಆಗುವುದಿಲ್ಲ, ಇನ್ನೊಂದು ಗಳಿಗೆಗೆ ಹಾಲಿನ ಗಾಡಿಯ ಮುದಿ ಕುದುರೆ ಬರುತ್ತದೆ, ಡ್ಯೂಕ್‌ನನ್ನು ಒಳಗೆ ಸಾಗಿಸಿ ಅಂಗಳ ತೊಳೆಯಬೇಕು, ಬರುವ ಕುದುರೆಗೆ ಹಿಂದಿನದರ ರಕ್ತದ ವಾಸನೆ ಸಿಗಬಾರದು, ಸಿಕ್ಕರೆ ಗೇಟಿನಲ್ಲೇ ಹೆದರಿ ನಡುಗುತ್ತದೆ ಎಂದಳು.

ಇಬ್ಬರೂ ಸೇರಿ ಡ್ಯೂಕ್‌ನನ್ನು ಗಾಲಿಯ ಹಲಗೆಯ ಮೇಲೆ ಒಳಗೆ ಸಾಗಿಸಿದರು. ಆಮೇಲೆ ಪರ್ಸಿ ಅವಳನ್ನು ಭುಜ ಹಿಡಿದು ಮನೆಯೊಳಗೆ ಕಳಿಸಿ, ಕೋಟು ಬಿಚ್ಚಿ ಗೂಟಕ್ಕೆ ಹಾಕಿದ, ತೋಳು ಮಡಚಿದ. ನಲ್ಲಿ ತಿರುಗಿಸಿ, ಮೂಲೆಯಲ್ಲಿದ್ದ ಗಟ್ಟಿ ಪೊರಕೆ ತೆಗೆದುಕೊಂಡು, ಡ್ಯೂಕ್ ಬಿದ್ದಿದ್ದ ಜಾಗದಿಂದ ಶುರುಮಾಡಿ ಕಲ್ಲುಹಾಸಿನ ಒಂದೊಂದು ಸಂದಿಯನ್ನೂ ಉಜ್ಜಿದ. ಹರಿದು ಹೋಗುವ ನೀರಿನಲ್ಲಿ ಕೆಂಪು ಪೂರ್ತಿ ಹೋಗುವ ತನಕ ಬಿಡಲಿಲ್ಲ. ಆಮೇಲೆ ಬಗ್ಗಿ, ಕಲ್ಲಿಗೆ ಮೂಗು ತಾಗಿಸಿ ಮೂಸಿ ನೋಡಿದ. ವಾಸನೆ ಇರಲಿಲ್ಲ. ಹೋಗಿ ಗೇಟು ತೆಗೆದು, ಸೇತುವೆಯ ಮೇಲೆ ಬರುತ್ತಿದ್ದ ಹಾಲಿನ ಗಾಡಿಯವನಿಗೆ ಹೆದರಬೇಡ ಬಾ ಎಂದು ಕೈಮಾಡಿದ.